ಹಂಪಿ ಬಿಸಿಲಿಗೆ ಮನೆಯ ಸನ್‌ಸ್ಕ್ರೀನ್ ಸಾಕೇ?

ಬೇಸಿಗೆ ರಜೆ ಬಂತೆಂದರೆ ಸಾಕು, ಮಕ್ಕಳದ್ದು ಒಂದೇ ರಾಗ. ‘ಅಮ್ಮಾ, ಈ ಸಲ ಎಲ್ಲಿಗೆ ಹೋಗೋಣ?’ ಊಟಿ, ಮುನ್ನಾರ್ ಎಂದರೆ ಜೇಬಿಗೆ ಭಾರ. ಹೊಸಪೇಟೆಯಲ್ಲಿ ನಾದಿನಿಯ ಮನೆಯೋ ಚಿಕ್ಕಮ್ಮನ ಮನೆಯೋ ಇದ್ದರಂತೂ ಹಂಪಿಯೇ ಸೈ. ಟಿಬಿ ಡ್ಯಾಮ್ ನೋಡಿದ ಹಾಗೂ ಆಯ್ತು, ವಿರೂಪಾಕ್ಷನ ದರ್ಶನವೂ ಆಯ್ತು. ಆದರೆ ಫೋನ್ ಮಾಡಿದ ಕೂಡಲೇ ಆ ಕಡೆಯಿಂದ ಬರುವ ಮೊದಲ ಮಾತೇ, ‘ಬರ್ರಿ ಅಕ್ಕಾ, ಆದ್ರ ಬಿಸ್ಲು ಭಾಳ ಐತೆ ನೋಡ್ರಿ!’

ಬಳ್ಳಾರಿ ಸೀಮೆಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಭಾರೀ ಬೇಸಿಗೆ ಎಂದು ತಮಾಷೆ ಮಾಡುವುದುಂಟು. ಹಂಪಿ ಬಜಾರಿನ ಬೀದಿಗೆ ಏಪ್ರಿಲ್ ಮಧ್ಯಾಹ್ನ ಕಾಲಿಟ್ಟವರಿಗೆ ಅದು ತಮಾಷೆ ಅನ್ನಿಸುವುದಿಲ್ಲ. ವಿರೂಪಾಕ್ಷ ಗುಡಿಯ ಗೋಪುರದಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಬಯಲು ಬೀದಿ. ಎರಡೂ ಬದಿಯ ಕಲ್ಲಿನ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು 2011ರಲ್ಲಿ ತೆರವು ಮಾಡಿದ ಮೇಲೆ ಅಲ್ಲಿ ನೆರಳು ಬೇಕೆಂದರೆ ಆ ಮಂಟಪಗಳೇ ಗತಿ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಾದ ಬಂಡೆ!

ಹಾಗಾಗಿ ಪ್ರವಾಸಕ್ಕೆ ಬಟ್ಟೆ ಜೋಡಿಸುವ ಹೊತ್ತಿಗೇ ಸನ್‌ಸ್ಕ್ರೀನ್ ನೆನಪಾಗುತ್ತದೆ. ಅಂಗಡಿಯದ್ದು ದುಬಾರಿ, ಅದರಲ್ಲಿ ಕೆಮಿಕಲ್ ಬೇರೆ ಅನ್ನುವ ಭಯ. ‘ಮನೆಯಲ್ಲೇ ಮಾಡ್ಕೋಬಹುದಂತೆ ಕಣ್ರೀ. ಕೊಬ್ಬರಿ ಎಣ್ಣೆ, ಕ್ಯಾರೆಟ್ ಎಣ್ಣೆ, ಜೇನುಮೇಣ ಕರಗಿಸಿ ಸ್ವಲ್ಪ ಜಿಂಕ್ ಆಕ್ಸೈಡ್ ಪುಡಿ ಕಲಸಿದರೆ ಮುಗೀತು’ ಎಂದು ಪಕ್ಕದ ಮನೆಯವರು ಹೇಳಿರುತ್ತಾರೆ. ಕೇಳಲು ಚೆನ್ನಾಗಿದೆ. ಹಚ್ಚಿಕೊಂಡರೆ ಕೆಲಸ ಮಾಡುತ್ತದೆಯೇ? ಮೊದಲು ಅದನ್ನು ನೋಡೋಣ.

ಬಿಸಿಲು ಚರ್ಮಕ್ಕೆ ಮಾಡುವುದೇನು?

ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಇವುಗಳಲ್ಲಿ ನಮ್ಮ ಚರ್ಮಕ್ಕೆ ತಾಕುವವು ಎರಡು ಬಗೆ. ಯುವಿಬಿ ಚರ್ಮವನ್ನು ಕೆಂಪಗೆ ಸುಡುತ್ತದೆ. ಯುವಿಎ ಇನ್ನೂ ಒಳಕ್ಕಿಳಿದು ಕಪ್ಪು ಕಲೆ, ಸುಕ್ಕು ತರುತ್ತದೆ. ಯುವಿಎ ಕಿಟಕಿ ಗಾಜಿನ ಮೂಲಕವೂ ಬರುತ್ತದೆ. ‘ಕಾರಿನಲ್ಲಿ ಗಾಜು ಏರಿಸಿ ಕೂತಿದ್ದೆ, ಆದರೂ ಒಂದೇ ಕೈ ಕಪ್ಪಾಯ್ತು’ ಎನ್ನುವವರ ಗುಟ್ಟು ಇದೇ.

ಇನ್ನೊಂದು ತಪ್ಪು ತಿಳಿವಳಿಕೆ ಎಂದರೆ, ಸೆಖೆ ಇದ್ದರೆ ಮಾತ್ರ ಅಪಾಯ ಎನ್ನುವುದು. ಸೆಖೆಗೂ ಈ ಕಿರಣಗಳಿಗೂ ನೇರ ಸಂಬಂಧ ಇಲ್ಲ. ತೆಳು ಮೋಡದ ದಿನವೂ ಶೇ 80ರವರೆಗೆ ಅತಿನೇರಳೆ ಕಿರಣ ಕೆಳಗೆ ಬರಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಂಪು ಗಾಳಿ ಬೀಸುವ ಡಿಸೆಂಬರಿನಲ್ಲಿ ಹಂಪಿ ಸುತ್ತಿ ಬಂದವರೂ ಟ್ಯಾನ್ ಆಗುವುದು ಇದಕ್ಕೇ.

ನಮ್ಮ ಕಂದು ಚರ್ಮದಲ್ಲಿರುವ ಮೆಲನಿನ್ ಎಂಬ ಬಣ್ಣದ ಅಂಶ ದೇವರು ಕೊಟ್ಟ ಕೊಡೆಯೇ ಸರಿ. ಬಿಳಿ ಚರ್ಮದವರಷ್ಟು ಬೇಗ ನಾವು ಸುಡುವುದಿಲ್ಲ. ಆದರೆ ಕೊಡೆ ಇದೆ ಎಂದು ಇಡೀ ದಿನ ಬಿಸಿಲಲ್ಲಿ ನಿಂತರೆ ಬಂಗು, ಕಪ್ಪು ಕಲೆ, ಉರಿ ತಪ್ಪಿದ್ದಲ್ಲ.

ಎಣ್ಣೆ, ಮೇಣ, ಬಿಳಿ ಪುಡಿ

ಕೊಬ್ಬರಿ ಎಣ್ಣೆಗೆ ಬಿಸಿಲು ತಡೆಯುವ ಶಕ್ತಿ ಇದೆ ಎಂಬ ಮಾತು ಎಲ್ಲಿಂದ ಬಂತು? ಛತ್ತೀಸ್‌ಗಢದ ರಾಯಪುರದ ಸಂಶೋಧಕರು 2010ರಲ್ಲಿ ಕೆಲವು ಎಣ್ಣೆಗಳನ್ನು ಪ್ರಯೋಗಾಲಯದ ಯಂತ್ರದಲ್ಲಿ ಅಳೆದು, ಕೊಬ್ಬರಿ ಎಣ್ಣೆ ಮತ್ತು ಆಲಿವ್ ಎಣ್ಣೆಗೆ ಸುಮಾರು 7ರಷ್ಟು ಎಸ್‌ಪಿಎಫ್ ಬಂತೆಂದು ಬರೆದರು. ಆ ಅಳತೆ ನಡೆದದ್ದು ಪ್ರಯೋಗಾಲಯದ ದ್ರಾವಣದಲ್ಲಿ, ಮನುಷ್ಯರ ಚರ್ಮದ ಮೇಲಲ್ಲ. ಒಂದು ವೇಳೆ ಅದೇ ನಿಜ ಎಂದುಕೊಂಡರೂ, ವೈದ್ಯರು ಹೇಳುವುದು ಕನಿಷ್ಠ 30. ಏಳೆಲ್ಲಿ, ಮೂವತ್ತೆಲ್ಲಿ! ಕ್ಯಾರೆಟ್ ಎಣ್ಣೆ, ರಾಸ್‌ಬೆರಿ ಬೀಜದ ಎಣ್ಣೆಗಳನ್ನೂ ನಂಬಿಕೊಂಡು ಬಿಸಿಲಿಗೆ ಇಳಿಯುವಷ್ಟು ಪುರಾವೆ ಇಲ್ಲ.

ಸರಿ, ಜಿಂಕ್ ಆಕ್ಸೈಡ್ ಹಾಕಿದರೆ? ಕಂಪನಿಯವರೂ ಅದನ್ನೇ ಹಾಕುತ್ತಾರಲ್ಲ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಜಿಂಕ್ ಆಕ್ಸೈಡ್ ನಿಜಕ್ಕೂ ಎರಡೂ ಬಗೆಯ ಕಿರಣಗಳನ್ನು ತಡೆಯುತ್ತದೆ. ಆದರೆ ಪುಡಿ ಎಣ್ಣೆಯಲ್ಲಿ ಒಂದೇ ಸಮ ಹರಡಿರಬೇಕು. ನಮ್ಮ ಮಿಕ್ಸಿಯಲ್ಲೋ ಚಮಚದಲ್ಲೋ ಕಲಸಿದಾಗ ಅದು ಗಂಟು ಗಂಟಾಗುತ್ತದೆ. ರವೆ ಉಪ್ಪಿಟ್ಟಿನಲ್ಲಿ ಗಂಟಾದರೆ ತಿನ್ನಬಹುದು, ಇಲ್ಲಿ ಹಾಗಲ್ಲ. ಗಂಟಿದ್ದ ಕಡೆ ತಡೆ, ಇಲ್ಲದ ಕಡೆ ಬಟಾಬಯಲು. ಕಣ್ಣಿಗೆ ಮಾತ್ರ ಎಲ್ಲ ಕಡೆ ಬೆಳ್ಳಗೇ ಕಾಣುತ್ತದೆ. ಆ ನುಣ್ಣನೆಯ ಪುಡಿ ಉಸಿರಿನೊಂದಿಗೆ ಒಳಗೆ ಹೋಗುವುದೂ ಒಳ್ಳೆಯದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿದ್ದು ಎಷ್ಟು ತಡೆಯುತ್ತದೆ ಎಂದು ಅಳೆಯುವ ಸಾಧನ ನಮ್ಮ ಮನೆಯಲ್ಲಿ ಇಲ್ಲ. ಸಾರಿಗೆ ಉಪ್ಪು ಸಾಕೇ ಎಂದು ರುಚಿ ನೋಡಬಹುದು. ಸನ್‌ಸ್ಕ್ರೀನಿನ ರುಚಿ ನೋಡುವುದು ಹೇಗೆ?

ಅಮೆರಿಕದ ಫ್ಲೋರಿಡಾದ ಸಂಶೋಧಕರು ಇಂತಹ ಮನೆಮದ್ದಿನ ವಿಧಾನಗಳನ್ನು ಕಲೆಹಾಕಿ 2019ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಸಾಕಷ್ಟು ರಕ್ಷಣೆ ಕೊಡಲಾರದವು ಎಂದು ಕಂಡುಬಂತು.

ಕ್ಯಾಲಮೈನ್ ಲೋಷನ್ ಹಚ್ಚಿ ಹೊರಡುವವರೂ ಇದ್ದಾರೆ. ಅದರಲ್ಲಿ ಜಿಂಕ್ ಆಕ್ಸೈಡ್ ಇರುವುದು ನಿಜ. ಆದರೆ ಅದು ತುರಿಕೆ, ಬೆವರುಸಾಲೆಗೆ ಮಾಡಿದ ಔಷಧಿ. ಬಾಟಲಿ ಮೇಲೆ ಎಸ್‌ಪಿಎಫ್ ಎಂದು ಬರೆದಿಲ್ಲದಿದ್ದರೆ ಅದನ್ನು ಸನ್‌ಸ್ಕ್ರೀನ್ ಎಂದು ನಂಬಬೇಡಿ.

ನಿಂಬೆಹಣ್ಣು ಬೇಡವೇ ಬೇಡ

ಎಣ್ಣೆ ಹಚ್ಚಿದರೆ ಪ್ರಯೋಜನ ಇಲ್ಲ ಅಷ್ಟೇ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಕೇಡು ಖಂಡಿತ. ನಿಂಬೆಯಲ್ಲಿರುವ ಒಂದು ಅಂಶ ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತದೆ. ಒಂದೆರಡು ದಿನ ಬಿಟ್ಟು ಉರಿ, ಗುಳ್ಳೆ ಏಳುತ್ತದೆ, ನಂತರ ಕಂದು ಕಲೆ ಉಳಿದು ತಿಂಗಳುಗಟ್ಟಲೆ ಹೋಗುವುದಿಲ್ಲ. ಹಂಪಿಯಲ್ಲಿ ನಿಂಬೆ ಶರಬತ್ತು ಕುಡಿದರೆ ತೊಂದರೆ ಇಲ್ಲ, ಆದರೆ ನಿಂಬೆ ಹಿಂಡಿದ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ. ಬಾವಂಚಿ ಬೀಜ ಸೇರಿದ ಎಣ್ಣೆಯೂ ಹೀಗೇ, ಚರ್ಮವನ್ನು ಬಿಸಿಲಿಗೆ ಇನ್ನಷ್ಟು ಸೂಕ್ಷ್ಮ ಮಾಡುತ್ತದೆ.

ಇನ್ನೊಂದು ಅಪಾಯ ಮೆಡಿಕಲ್ ಶಾಪಿನಲ್ಲಿದೆ. ‘ಬೆಳ್ಳಗಾಗೋ ಕ್ರೀಮ್ ಕೊಡಿ’ ಎಂದು ಕೇಳಿ ತರುವ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದೆ. ಬರುಬರುತ್ತಾ ಚರ್ಮ ತೆಳುವಾಗಿ, ಬಿಸಿಲಿಗೆ ಹೋದ ಕೂಡಲೇ ಕೆಂಪಾಗಿ ಉರಿಯುತ್ತದೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲೂ ಬರಬಹುದು. ಕೇಂದ್ರ ಸರ್ಕಾರ 2018ರಲ್ಲಿ ಇಂತಹ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ತಟ್ಟನೆ ಬಿಡಬೇಡಿ, ಚರ್ಮದ ಡಾಕ್ಟರಿಗೆ ಟ್ಯೂಬ್ ತೋರಿಸಿ ಕೇಳಿ.

ಹಾಗಾದರೆ ಮನೆಯ ಸನ್‌ಸ್ಕ್ರೀನ್ ಯಾವುದು?

ಇದೆ! ಅಡುಗೆಮನೆಯಲ್ಲಲ್ಲ, ನಿಮ್ಮ ಬೀರುವಿನಲ್ಲಿ.

ಕಂಪ್ಲಿ ಕಡೆಯ ಗದ್ದೆಗಳಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳನ್ನು ನೋಡಿ. ಸೀರೆಯ ಮೇಲೆ ಗಂಡನದ್ದೋ ಮಗನದ್ದೋ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು. ಸಂಡೂರಿನ ಲಂಬಾಣಿ ಅಜ್ಜಿಯರನ್ನು ನೋಡಿ. ಕನ್ನಡಿ, ಕಸೂತಿ ತುಂಬಿದ ದಪ್ಪ ಮುಸುಕು ನೆತ್ತಿಯಿಂದ ಬೆನ್ನಿನವರೆಗೆ ಇಳಿದಿರುತ್ತದೆ. ಇವರ್ಯಾರೂ ಎಸ್‌ಪಿಎಫ್ ಓದಿದವರಲ್ಲ. ಆದರೆ ಬಿಸಿಲಿನ ಜೊತೆ ಬಾಳ್ವೆ ಮಾಡಿದವರು. ಬಟ್ಟೆ ಬೆವರಿಗೆ ಕರಗುವುದಿಲ್ಲ, ಎರಡು ಗಂಟೆಗೊಮ್ಮೆ ಹಚ್ಚಬೇಕಿಲ್ಲ, ಖರ್ಚೂ ಇಲ್ಲ.

ಎಲ್ಲ ಬಟ್ಟೆಯೂ ಒಂದೇ ಅಲ್ಲ, ಗೊತ್ತಿರಲಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳಕು ಆಚೆಯಿಂದ ಸೋಸಿ ಬಂದರೆ ಬಿಸಿಲೂ ಬರುತ್ತದೆ. ತೆಳು ಬಿಳಿ ವಾಯಿಲ್‌ಗಿಂತ ಒತ್ತಾಗಿ ನೇಯ್ದ, ಸ್ವಲ್ಪ ಗಾಢ ಬಣ್ಣದ ಹತ್ತಿ ಬಟ್ಟೆ ಉತ್ತಮ. ಸಡಿಲವಾಗಿದ್ದರೆ ಗಾಳಿಯೂ ಆಡುತ್ತದೆ. ತುಂಬುತೋಳಿನ ಗುಳೇದಗುಡ್ಡ ಕಣದ ಬ್ಲೌಸ್ ಹೊಲಿಸಿಕೊಂಡರೆ ಚಂದಕ್ಕೆ ಚಂದ, ರಕ್ಷಣೆಗೆ ರಕ್ಷಣೆ. ತೆಳು ಹತ್ತಿ ಬಟ್ಟೆ ಒದ್ದೆಯಾದರೆ ಬಿಸಿಲನ್ನು ಇನ್ನಷ್ಟು ಬಿಡುತ್ತದೆ. ತುಂಗಭದ್ರೆಯಲ್ಲಿ ಮಿಂದು ಅದೇ ಒದ್ದೆ ಬಟ್ಟೆಯಲ್ಲಿ ತಿರುಗುವುದು ಬೇಡ.

ಇನ್ನು ಕೊಡೆ. 2013ರಲ್ಲಿ ಅಮೆರಿಕದ ವೈದ್ಯರು ಮಾಮೂಲಿ ಕೈಕೊಡೆಗಳನ್ನು ಬಿಸಿಲಲ್ಲಿ ಹಿಡಿದು ಅಳೆದರು. ಎಲ್ಲ ಕೊಡೆಗಳೂ ಕನಿಷ್ಠ ಮುಕ್ಕಾಲು ಪಾಲು ಅತಿನೇರಳೆ ಕಿರಣ ತಡೆದವು. ಕಪ್ಪು ಕೊಡೆಗಳು ಶೇ 90ಕ್ಕೂ ಹೆಚ್ಚು ತಡೆದವು! ಅಜ್ಜನ ಕಾಲದ ಕರಿ ಕೊಡೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದರೆ ಇವತ್ತೇ ಒರೆಸಿಡಿ.

ಗಡಿಯಾರ ನೋಡಿ ಹೊರಡಿ

ಬಿಸಿಲಿನ ಜೋರು ಅಳೆಯಲು ಯಂತ್ರ ಬೇಡ, ನಿಮ್ಮ ನೆರಳು ಸಾಕು. ನೆರಳು ನಿಮಗಿಂತ ಉದ್ದ ಇದ್ದರೆ ಓಡಾಡಬಹುದು. ನಿಮಗಿಂತ ಗಿಡ್ಡ ಆಯಿತೋ, ಮಂಟಪ ಸೇರಿಕೊಳ್ಳಿ. ಮಕ್ಕಳಿಗೆ ಇದೊಂದು ಆಟವೂ ಆಗುತ್ತದೆ. ಹಂಪಿಯಲ್ಲಿ ಮೇ ತಿಂಗಳ ಮೊದಲ ದಿನಗಳಲ್ಲಿ ಮತ್ತು ಆಗಸ್ಟ್ ಎರಡನೇ ವಾರದಲ್ಲಿ ಮಧ್ಯಾಹ್ನ 12.20ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆರಳು ಕಾಲ ಬುಡದಲ್ಲೇ ಅಡಗುತ್ತದೆ.

ಒಂದು ದಿನದ ಪ್ರವಾಸವನ್ನು ಹೀಗೆ ಹೊಂದಿಸಿಕೊಳ್ಳಬಹುದು. ನಸುಕಿನಲ್ಲೇ ಎದ್ದು ಹೇಮಕೂಟ ಗುಡ್ಡ, ಆಮೇಲೆ ವಿರೂಪಾಕ್ಷನ ದರ್ಶನ, ಬಜಾರು. ತಿಂಡಿ ಮುಗಿಸಿ ವಿಠ್ಠಲ ದೇಗುಲಕ್ಕೆ ಹೋದರೆ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು 11ರೊಳಗೆ ಹೊರಬರಬಹುದು. ಅಲ್ಲಿಂದ ಊಟ, ವಿಶ್ರಾಂತಿ, ಕಮಲಾಪುರದ ಮ್ಯೂಸಿಯಂ, ಎಲ್ಲವೂ ಸೂರಿನ ಕೆಳಗೆ. ಮಹಾನವಮಿ ದಿಬ್ಬದ ಸುತ್ತ ಒಂದು ಮರದ ನೆರಳೂ ಸುಲಭಕ್ಕೆ ಸಿಗದು, ಅದನ್ನೂ ಕಮಲ ಮಹಲನ್ನೂ ಸಂಜೆ 4ರ ನಂತರಕ್ಕೆ ಇಟ್ಟುಕೊಳ್ಳಿ.

ಗುಡಿಯೊಳಗೆ ಬರಿಗಾಲು ಕಡ್ಡಾಯ. ಕಾದ ಚಪ್ಪಡಿ ಮೇಲೆ ಮಕ್ಕಳು ಕುಣಿಯುವುದನ್ನು ನೋಡಿ ನಗಬೇಡಿ, ಪಾದ ಬೊಬ್ಬೆ ಬರುತ್ತದೆ. ಎಲ್ಲರಿಗೂ ಒಂದೊಂದು ಜೊತೆ ಹತ್ತಿಯ ಕಾಲುಚೀಲ ಬ್ಯಾಗಿನಲ್ಲಿರಲಿ.

ಡಬ್ಬಿ ಕೊಳ್ಳುವಾಗ

ಮುಖ, ಕೈಬೆರಳು, ಪಾದವನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ತಿರುಗಲು ಆಗುವುದಿಲ್ಲವಲ್ಲ. ಅಷ್ಟಕ್ಕೆ ಅಂಗಡಿಯ ಸನ್‌ಸ್ಕ್ರೀನ್ ಬೇಕು. ಹೀಗೆ ಬಟ್ಟೆ, ಕೊಡೆ ಜೊತೆಗಿದ್ದರೆ ಒಂದು ಟ್ಯೂಬ್ ಹೆಚ್ಚು ದಿನ ಬರುತ್ತದೆ, ದುಬಾರಿ ಎನ್ನಿಸುವುದಿಲ್ಲ.

ಎಸ್‌ಪಿಎಫ್ ಎಂದರೆ ಯುವಿಬಿ ತಡೆಯುವ ಅಳತೆ. 15 ಇದ್ದರೆ ನೂರರಲ್ಲಿ ಸುಮಾರು 93 ಪಾಲು, 30 ಇದ್ದರೆ 97, 50 ಇದ್ದರೆ 98 ಪಾಲು ತಡೆಯುತ್ತದೆ. ಅಂದರೆ 30ಕ್ಕೂ 50ಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. 100 ಎಂದು ಬರೆದದ್ದಕ್ಕೆ ಮಾರುಹೋಗಿ ದುಪ್ಪಟ್ಟು ದುಡ್ಡು ಕೊಡಬೇಕಿಲ್ಲ. ಯುವಿಎ ತಡೆಗೆ ‘ಪಿಎ+++’ ಅಥವಾ ‘ಬ್ರಾಡ್ ಸ್ಪೆಕ್ಟ್ರಮ್’ ಎಂದು ಬರೆದಿದೆಯೇ ನೋಡಿ. ಅವಧಿ ಮುಗಿಯುವ ದಿನಾಂಕವನ್ನೂ ನೋಡಿ. ಕೆಮಿಕಲ್ ಎಂಬ ಅಳುಕಿದ್ದರೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈ ಆಕ್ಸೈಡ್ ಮಾತ್ರ ಇರುವುದನ್ನು ಆರಿಸಿಕೊಳ್ಳಿ. ಸೂಕ್ಷ್ಮ ಚರ್ಮದವರಿಗೂ ಇದು ಒಳ್ಳೆಯದು.

ಇನ್ನು ಹಚ್ಚುವ ರೀತಿ. ಕಡಲೆಕಾಳಿನಷ್ಟು ತೆಗೆದುಕೊಂಡು ಇಡೀ ಮುಖಕ್ಕೆ ಸವರಿದರೆ ಪ್ರಯೋಜನ ಇಲ್ಲ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದಷ್ಟು ಮುಖ ಮತ್ತು ಕತ್ತಿಗೆ ಬೇಕು. ಹೊರಡುವ 15–20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡಾಗಲೆಲ್ಲ ಮತ್ತೆ ಹಚ್ಚಿ. ಸೀರೆ ಉಡುವವರು ಮರೆಯುವ ಜಾಗಗಳು ಕಿವಿಯ ತುದಿ, ಕತ್ತಿನ ಹಿಂಭಾಗ, ಬ್ಲೌಸಿನ ಕೆಳಗಿನ ಬೆನ್ನು, ಸೊಂಟ ಮತ್ತು ಪಾದದ ಮೇಲ್ಭಾಗ.

ಮನೆಗೆ ಬಂದ ಮೇಲೆ ಅಡುಗೆಮನೆಯ ಸರದಿ

ಬಿಸಿಲಿಗೆ ಹೋಗುವ ಮೊದಲು ಕೆಲಸಕ್ಕೆ ಬಾರದ ಮನೆಮದ್ದು, ಬಂದ ಮೇಲೆ ನಿಜಕ್ಕೂ ಹಿತ ಕೊಡುತ್ತದೆ. ಯಾವುದನ್ನೇ ಆಗಲಿ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ, ತುರಿಕೆ ಬಂದರೆ ಬಿಟ್ಟುಬಿಡಿ.

ತಣ್ಣೀರು ಬಟ್ಟೆ: ಉರಿಯುವ ಜಾಗಕ್ಕೆ ತಣ್ಣೀರಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯನ್ನು 10–15 ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು. ಐಸ್ ತುಂಡನ್ನು ನೇರವಾಗಿ ಉಜ್ಜಬೇಡಿ.

ಲೋಳೆಸರ: ಎಲೆ ಕುಯ್ದ ಕೂಡಲೇ ಬುಡ ಕೆಳಗೆ ಮಾಡಿ ಕಾಲು ಗಂಟೆ ನಿಲ್ಲಿಸಿ. ಹಳದಿ ರಸ ಇಳಿದುಹೋಗಲಿ, ಅದೇ ತುರಿಕೆ ತರುವುದು. ಆಮೇಲೆ ತೊಳೆದು ಒಳಗಿನ ತಿಳಿ ಲೋಳೆ ಮಾತ್ರ ತೆಗೆದು ಫ್ರಿಜ್ಜಿನಲ್ಲಿ ತಂಪು ಮಾಡಿ ಹಚ್ಚಿ. ಅವತ್ತಿನದ್ದು ಅವತ್ತೇ ಮುಗಿಸಿ.

ಸೌತೆಕಾಯಿ, ಮೊಸರು: ಎರಡು ಚಮಚ ತುರಿದ ಸೌತೆಕಾಯಿಗೆ ಒಂದು ಚಮಚ ತಣ್ಣನೆಯ ಮೊಸರು ಕಲಸಿ 10 ನಿಮಿಷ ಹಚ್ಚಿ ತೊಳೆಯಿರಿ. ಚರ್ಮ ಒಡೆದಿದ್ದರೆ, ಗುಳ್ಳೆ ಇದ್ದರೆ ಹಚ್ಚಬೇಡಿ.

ಕಡಲೆಹಿಟ್ಟು, ಮೊಸರು: ಉರಿ ಪೂರ್ತಿ ಹೋದ ಮೇಲೆ, ವಾರಕ್ಕೊಮ್ಮೆ ಸಾಕು. ಒಣಗುವ ಮೊದಲೇ ನೀರು ಹಾಕಿ ಮೆಲ್ಲಗೆ ತೆಗೆಯಿರಿ. ಟ್ಯಾನ್ ಒಂದೇ ದಿನದಲ್ಲಿ ಹೋಗುವುದಿಲ್ಲ, ಹಳೆಯ ಚರ್ಮ ಉದುರಿ ಹೊಸದು ಬರಲು ಕೆಲವು ವಾರ ಬೇಕೇ ಬೇಕು.

ಕೊಬ್ಬರಿ ಎಣ್ಣೆ: ಪಾಪ, ಇದನ್ನು ಪೂರ್ತಿ ದೂರ ಇಡಬೇಕಿಲ್ಲ. ಉರಿ ತಣಿದ ಮೇಲೆ ರಾತ್ರಿ ಹೊತ್ತು ಒಣಗಿದ ಕೈಕಾಲಿಗೆ ಹಚ್ಚಿ. ಮೊಡವೆ ಬರುವ ಮುಖಕ್ಕೆ ಬೇಡ.

ಹೊಟ್ಟೆಗೂ ತಂಪು ಬೇಕಲ್ಲ? ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ, ಎಳನೀರು, ಬೆಲ್ಲದ ಪಾನಕ ಯಾವುದಾದರೂ ಸರಿ. ವಾಂತಿ, ಭೇದಿಯೂ ಆಗಿ ಸುಸ್ತಾಗಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ.

ಇವರಿಗೆ ವಿಶೇಷ ಎಚ್ಚರಿಕೆ

ಆರು ತಿಂಗಳೊಳಗಿನ ಕೂಸಿಗೆ ಮನೆಯದ್ದಾಗಲಿ ಅಂಗಡಿಯದ್ದಾಗಲಿ ಯಾವ ಸನ್‌ಸ್ಕ್ರೀನೂ ಬೇಡ. ನೆರಳು, ಕುಲಾವಿ, ಹತ್ತಿ ಬಟ್ಟೆ ಸಾಕು. ಗರ್ಭಿಣಿಯರಿಗೆ ಬಂಗು ಬರುವ ಸಾಧ್ಯತೆ ಹೆಚ್ಚು, ಬಿಸಿಲು ಅದನ್ನು ಇನ್ನೂ ಗಾಢ ಮಾಡುತ್ತದೆ. ಮೊಡವೆಗೆ, ಸೋಂಕಿಗೆ ಕೊಡುವ ಕೆಲವು ಮಾತ್ರೆಗಳೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಪ್ರವಾಸಕ್ಕೆ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ.

ಯಾರಿಗಾದರೂ ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿದರೆ, ಗುರುತು ತಪ್ಪಿದರೆ, ಪ್ರಜ್ಞೆ ಹೋದರೆ ಅದು ಬಿಸಿಲಿನ ಹೊಡೆತ. ಮನೆಮದ್ದು ಮಾಡುತ್ತಾ ಕೂರಬೇಡಿ. ನೆರಳಿಗೆ ಸಾಗಿಸಿ, ಮೈಗೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಕಪ್ಪಾದರೆ ಏನಂತೆ?

ಕೊನೆಗೊಂದು ಮಾತು. ಬಿಸಿಲಿಗೆ ಹೆದರಿ ಮನೆಯೊಳಗೇ ಕೂತರೆ ವಿಟಮಿನ್ ಡಿ ಕೊರತೆ ಎಂದು ಇನ್ನೊಂದು ಮಾತ್ರೆ ನುಂಗಬೇಕಾದೀತು. ಬಿಸಿಲು ನಮ್ಮ ಶತ್ರುವಲ್ಲ. ಸನ್‌ಸ್ಕ್ರೀನ್ ಹಚ್ಚುವುದು ಚರ್ಮ ಸುಡದಿರಲಿ, ಕಲೆಯಾಗದಿರಲಿ ಎಂದೇ ಹೊರತು ಬೆಳ್ಳಗಾಗಲಿ ಎಂದಲ್ಲ. ‘ಅಯ್ಯೋ, ಹಂಪಿಗೆ ಹೋಗಿ ಎಷ್ಟು ಕಪ್ಪಾಗಿ ಬಂದೆ, ನಾಳೆ ಗಂಡು ನೋಡೋಕೆ ಬರ್ತಾರೆ’ ಎಂದು ಮಗಳಿಗೆ ಹೇಳುವ ಬದಲು, ಹೊರಡುವಾಗ ಅವಳ ಕೈಗೆ ಒಂದು ಕೊಡೆ ಕೊಡಿ. ಕಪ್ಪು ಬಣ್ಣಕ್ಕೆ ನಾಚಿಕೊಂಡ ಹುಡುಗಿಯರೇ ನಾಳೆ ಮೆಡಿಕಲ್ ಶಾಪಿನಲ್ಲಿ ಆ ಸ್ಟೀರಾಯ್ಡ್ ಟ್ಯೂಬ್ ಕೇಳುವುದು.

ಹೊರಡುವ ಮುನ್ನ ನೆನಪಿರಲಿ

• ಕಪ್ಪು ಕೊಡೆ, ತುಂಬುತೋಳಿನ ಒತ್ತು ನೇಯ್ಗೆಯ ಬಟ್ಟೆ, ಅಗಲ ಅಂಚಿನ ಟೋಪಿ, ಕಾಲುಚೀಲ.
• ಎಸ್‌ಪಿಎಫ್ 30, ಪಿಎ+++ ಇರುವ ಸನ್‌ಸ್ಕ್ರೀನ್. ಎರಡು ಬೆರಳಷ್ಟು, ಎರಡು ಗಂಟೆಗೊಮ್ಮೆ.
• ನೆರಳು ಗಿಡ್ಡವಾದಾಗ ಸೂರಿನ ಕೆಳಗೆ.
• ಮುಖಕ್ಕೆ ನಿಂಬೆರಸ, ಅಡಿಗೆ ಸೋಡಾ, ಟೂತ್‌ಪೇಸ್ಟ್ ಬೇಡ.
• ಲೋಳೆಸರ, ಮೊಸರು, ಸೌತೆಕಾಯಿ ಮನೆಗೆ ಬಂದ ಮೇಲೆ.
• ದೊಡ್ಡ ಗುಳ್ಳೆ, ಜ್ವರ ಅಥವಾ ಎರಡು ದಿನಕ್ಕೂ ಇಳಿಯದ ಉರಿ ಇದ್ದರೆ ಡಾಕ್ಟರ ಹತ್ತಿರ ಹೋಗಿ.